ಡೆಸ್ಕ್‌ಟಾಪ್‌ಗೆ ವೈಫೈ: ಡಾಂಗಲ್ಲಾ, ಕಾರ್ಡಾ, ಇಲ್ಲಾ ಸುಮ್ನೆ ವೈರ್ ಎಳೆಯೋದಾ?

"ಅದೇ ಟೇಬಲ್ ಮೇಲೆ ಫೋನ್ ಇಟ್ಕೊಂಡ್ರೆ ಯೂಟ್ಯೂಬ್ ಸಲೀಸಾಗಿ ಓಡತ್ತೆ, ಪಕ್ಕದಲ್ಲೇ ಇರೋ ಡೆಸ್ಕ್‌ಟಾಪಲ್ಲಿ ಮೇಲ್ ಓಪನ್ ಆಗೋಕೆ ಐದು ನಿಮಿಷ, ಡಾಂಗಲ್ ಡಬ್ಬಾನಾ ಇಲ್ಲಾ ಕಂಪ್ಯೂಟರ್ರೇ ಡಬ್ಬಾನಾ?" ಸ್ವಲ್ಪ ಕಂಪ್ಯೂಟರ್ ಗೊತ್ತಿರೋನು ಅಂತ ನೆಂಟರಲ್ಲಿ ಒಂದ್ಸಲ ಹೆಸರು ಬಿದ್ರೆ ಮುಗೀತು, ವರ್ಷಕ್ಕೆ ನಾಲ್ಕೈದು ಸಲ ಈ ಫೋನ್ ಬಂದೇ ಬರತ್ತೆ. ಆಮೇಲೆ ಎಲ್ರೂ ಕೇಳೋದು ಒಂದೇ, ಡಾಂಗಲ್ ತಗೊಳ್ಲಾ ಕಾರ್ಡ್ ತಗೊಳ್ಲಾ ಅಂತ. ಎರಡೂ ವೈಫೈ ಹಿಡಿಯೋಕೇ, ಡಾಂಗಲ್ ಹೊರಗಿಂದ ಯುಎಸ್‌ಬಿಗೆ ಚುಚ್ಚೋದು, ಕಾರ್ಡ್ ಸಿಪಿಯು ಒಳಗೆ ಕೂರ್ಸೋದು. ನಾನು ವಾಪಸ್ ಕೇಳೋದು ಸಿಪಿಯು ಎಲ್ಲಿಟ್ಟಿದೀರ, ಬೆನ್ನು ಗೋಡೆ ಕಡೆ ಇದೆಯಾ, ಪಕ್ಕದಲ್ಲಿ ಬೀರು ಏನಾದ್ರೂ ಇದೆಯಾ ಅಂತ. ಇದೇನು ವಾಸ್ತು ಕೇಳ್ತಿದಾನಾ ಅಂತ ಕೆಲವ್ರಿಗೆ ಅನ್ಸತ್ತೆ, ಆದ್ರೆ ವಿಷ್ಯ ಇರೋದೇ ಅಲ್ಲಿ.

ಫೋನ್ ಕೈಲಿರತ್ತೆ, ಸಿಗ್ನಲ್ ಬರದಿದ್ರೆ ನಮಗೇ ಗೊತ್ತಾಗ್ದೆ ಎರಡು ಹೆಜ್ಜೆ ಆಕಡೆ ಹೋಗ್ತೀವಿ. ಡೆಸ್ಕ್‌ಟಾಪ್ ಕಥೆ ಬೇರೆ, ಅದೊಂದು ತಗಡಿನ ಡಬ್ಬಿ, ಅದನ್ನ ಟೇಬಲ್ ಕೆಳಗೆ ತಳ್ಳಿ ಹಿಂಭಾಗ ಗೋಡೆಗೆ ನಾಲ್ಕು ಬೆರಳು ಬಿಟ್ಟು ನಿಲ್ಲಿಸಿರ್ತೀವಿ, ಡಾಂಗಲ್ಲೋ ಕಾರ್ಡೋ ಏನೇ ಹಾಕಿದ್ರೂ ಆಂಟೆನಾ ಹೋಗಿ ಕೂರೋದು ಆ ಸಂದಿಯಲ್ಲೇ. ಒಂದು ಕಡೆ ತಗಡು, ಇನ್ನೊಂದು ಕಡೆ ಗೋಡೆ, ಮಧ್ಯ ಮಾನಿಟರ್ ವೈರು ಪವರ್ ವೈರುಗಳ ಗಂಟು. ರೇಡಿಯೋ ಅಲೆ ತಗಡನ್ನ ದಾಟಲ್ಲ, ಆಕಡೆ ಈಕಡೆ ತಾಗಿ ಬಳಸಿಕೊಂಡು ಎಷ್ಟು ಬಂತೋ ಅಷ್ಟೇ. ಹಂಗಾಗಿ ದುಡ್ಡು ಕೊಟ್ಟು ತರೋದು ಡಾಂಗಲ್ಲೋ ಕಾರ್ಡೋ ಅನ್ನೋದಕ್ಕಿಂತ ಅದರ ಆಂಟೆನಾನ ಈ ಸಂದಿಯಿಂದ ಆಚೆಗೆ ತರೋಕಾಗತ್ತಾ ಅನ್ನೋದೇ ನನ್ ಲೆಕ್ಕದಲ್ಲಿ ಮೊದಲ ಪ್ರಶ್ನೆ. ಉಳಿದಿದ್ದೆಲ್ಲ ಆಮೇಲೆ.

ಹಾಸನದಲ್ಲಿರೋ ನಮ್ಮ ಚಿಕ್ಕಪ್ಪನ ಮನೆ ಇದಕ್ಕೆ ಒಳ್ಳೆ ಉದಾಹರಣೆ. ತಂಗಿ ಪಿಯುಸಿ ಓದ್ತಿದಾಳೆ, ಆನ್‌ಲೈನ್ ಕ್ಲಾಸಿಗೆ ಅಂತ ಬೆಂಗಳೂರಿಗೆ ಬಂದಾಗ ಎಸ್‌ಪಿ ರೋಡಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಸ್ಲಿಮ್ ಡೆಸ್ಕ್‌ಟಾಪ್ ತಗೊಂಡು ಹೋದ್ರು, ಆಫೀಸುಗಳು ಲಾಟಲ್ಲಿ ಮಾರಿಬಿಡ್ತಾವಲ್ಲ ಆ ಥರದ್ದು. ಒಳ್ಳೇ ಮಾಲು, ಆದ್ರೆ ಇವುಗಳಲ್ಲಿ ಸಾಮಾನ್ಯವಾಗಿ ವೈಫೈ ಇರಲ್ಲ, ಆಫೀಸಲ್ಲಿ ಪ್ರತಿ ಟೇಬಲ್ಲಿಗೂ ಲ್ಯಾನ್ ಕೇಬಲ್ ಬಂದಿರತ್ತೆ, ವೈಫೈ ಯಾಕೆ ಬೇಕು ಅಂತ ಕಂಪನಿಗಳು ಹಾಕಿಸಿರಲ್ಲ. ಮನೇಲಿ ರೂಟರ್ ಇರೋದು ಕೆಳಗಡೆ ಹಾಲಲ್ಲಿ ಟಿವಿ ಹಿಂದೆ, ಕಂಪ್ಯೂಟರ್ ಇಟ್ಟಿದ್ದು ಮೇಲಿನ ರೂಮಲ್ಲಿ. ಮಧ್ಯ ಒಂದು ಆರ್‌ಸಿಸಿ ಸ್ಲ್ಯಾಬು, ಒಂದು ಗೋಡೆ, ರೂಮೊಳಗೆ ಅಜ್ಜಿ ಕಾಲದ ಕಬ್ಬಿಣದ ಬೀರು. ಚಿಕ್ಕಪ್ಪ ಊರಲ್ಲೇ ಒಂದು ಅಂಗಡಿಗೆ ಹೋಗಿ ವೈಫೈ ಬರೋದು ಕೊಡಿ ಅಂದ್ರಂತೆ, ಅವ್ರು ಉಗುರಿನಷ್ಟು ದೊಡ್ಡದೊಂದು ನ್ಯಾನೋ ಡಾಂಗಲ್ ಕೊಟ್ಟು ಕಳಿಸಿದ್ರು. ಹಿಂದಿನ ಯುಎಸ್‌ಬಿಗೆ ಹಾಕಿದ್ರೆ ವೈಫೈ ಹೆಸರು ಬರತ್ತೆ, ಕನೆಕ್ಟೂ ಆಗತ್ತೆ, ಪೇಜ್ ಮಾತ್ರ ಬರಲ್ಲ.

ಮೊದ್ಲು ಇರೋದನ್ನ ನೋಡಿ

ಏನಾದ್ರೂ ಕೊಳ್ಳೋಕೆ ಮುಂಚೆ ಸಿಪಿಯು ಹಿಂದೆ ಒಂದ್ಸಲ ಬಗ್ಗಿ ನೋಡಿ. ಯುಎಸ್‌ಬಿ ಪೋರ್ಟುಗಳ ಹತ್ರ ಅಕ್ಕಪಕ್ಕ ಎರಡು ಚಿನ್ನದ ಬಣ್ಣದ ಸ್ಕ್ರೂ ಥರ ಚಾಚಿಕೊಂಡಿದ್ರೆ ನಿಮ್ಮ ಮದರ್‌ಬೋರ್ಡಲ್ಲೇ ವೈಫೈ ಇದೆ, ಅದು ಆಂಟೆನಾ ತಿರುಪೋ ಜಾಗ. ಇದು ತಮಾಷೆ ಅನ್ಸಬಹುದು ಆದ್ರೆ ನಾನೇ ಎರಡು ಮನೇಲಿ ನೋಡಿದೀನಿ, ಅಸೆಂಬಲ್ ಮಾಡಿಸಿ ತಂದಿದಾರೆ, ಬೋರ್ಡಿನ ಡಬ್ಬಿಯೊಳಗೆ ಆಂಟೆನಾ ಪ್ಲಾಸ್ಟಿಕ್ ಕವರಲ್ಲೇ ಕೂತಿದೆ, ಡಬ್ಬಿ ಅಟ್ಟದ ಮೇಲಿದೆ, ಇವ್ರು ವೈಫೈ ವೀಕು ಅಂತ ಹೊಸ ಡಾಂಗಲ್ ಹುಡುಕ್ತಿದಾರೆ. ಆಂಟೆನಾ ಇಲ್ದೇನೂ ರೂಟರ್ ಹತ್ರ ಇದ್ರೆ ಅಷ್ಟೋ ಇಷ್ಟೋ ಸಿಗ್ನಲ್ ಬರತ್ತೆ, ಅದಕ್ಕೇ ಅನುಮಾನ ಬರಲ್ಲ.

ಅದು ಇಲ್ಲ ಅಂದ್ರೆ ಫೋನಲ್ಲಿ ವೈಫೈ ಅನಲೈಸರ್ ಥರದ್ದೊಂದು ಆ್ಯಪ್ ಹಾಕ್ಕೊಂಡು, ಟೇಬಲ್ ಮೇಲಲ್ಲ, ಆಂಟೆನಾ ನಿಜವಾಗ್ಲೂ ಎಲ್ಲಿ ಕೂರತ್ತೋ ಅಲ್ಲಿ, ಅಂದ್ರೆ ಸಿಪಿಯು ಹಿಂದೆ, ಫೋನ್ ಹಿಡಿದು ನೋಡಿ. ಡಿಬಿಎಂ ಅಂತ ಒಂದು ಮೈನಸ್ ನಂಬರ್ ತೋರ್ಸತ್ತೆ, ಸಿಗ್ನಲ್ ಎಷ್ಟು ಜೋರಾಗಿದೆ ಅನ್ನೋ ಅಳತೆ ಅದು, ಸೊನ್ನೆಗೆ ಹತ್ರ ಇದ್ದಷ್ಟೂ ಒಳ್ಳೇದು. ಮೈನಸ್ 50ರ ಆಸುಪಾಸು ಇದ್ರೆ ಭರ್ಜರಿ, 60 ಅಂದ್ರೆ ಚೆನ್ನಾಗಿದೆ, 67-70 ಅಂದ್ರೆ ನಡೆಯತ್ತೆ, 80 ಅಂದ್ರೆ ಹೆಸರು ಕಾಣತ್ತೆ ಅಷ್ಟೇ ಕೆಲಸ ಆಗಲ್ಲ. 50ಕ್ಕೂ 60ಕ್ಕೂ ಹತ್ತೇ ತಾನೇ ವ್ಯತ್ಯಾಸ ಅನ್ಕೋಬೇಡಿ, ಈ ಲೆಕ್ಕದಲ್ಲಿ ಪ್ರತಿ ಹತ್ತಕ್ಕೂ ಪವರ್ ಹತ್ತರಲ್ಲಿ ಒಂದು ಭಾಗ ಆಗತ್ತೆ, ಅಂದ್ರೆ ಮೈನಸ್ 50ರಿಂದ ಮೈನಸ್ 80ಕ್ಕೆ ಇಳಿದ್ರೆ ಸಾವಿರದಲ್ಲಿ ಒಂದು ಭಾಗ ಉಳಿದಿದೆ ಅಂತರ್ಥ. ಮೂರು ಕಡ್ಮೆಯಾದ್ರೆ ಅರ್ಧ. ಹಂಗಾಗಿ ಆಂಟೆನಾನ ಒಂದಡಿ ಸರಿಸಿ ಆರು ಡಿಬಿ ಸಿಕ್ರೂ ಅದು ನಾಲ್ಕು ಪಟ್ಟು, ದುಡ್ಡಿಲ್ದೆ.

ಚಿಕ್ಕಪ್ಪನ ರೂಮಲ್ಲಿ ಸಿಪಿಯು ಹಿಂದೆ ಮೈನಸ್ 79 ಇತ್ತು, ಟೇಬಲ್ ಮೇಲೆ 70, ಮೆಟ್ಟಿಲ ಕಡೆಯ ಕಿಟಕಿ ಹತ್ರ 61. ಒಂದೇ ರೂಮು. ಮೆಟ್ಟಿಲು ಇರೋ ಜಾಗದಲ್ಲಿ ಸ್ಲ್ಯಾಬ್ ಇಲ್ವಲ್ಲ, ಸಿಗ್ನಲ್ ಅಲ್ಲಿಂದ ಹತ್ತಿ ಬರ್ತಿತ್ತು, ಡ್ಯೂಪ್ಲೆಕ್ಸ್ ಮನೆಗಳಲ್ಲೆಲ್ಲ ಹೀಗೇ ಆಗೋದು.

ಇದೇ ಟೈಮಲ್ಲಿ 2.4 ಮತ್ತು 5 ಗಿಗಾಹರ್ಟ್ಸ್, ಅಂದ್ರೆ ವೈಫೈ ಓಡೋ ಎರಡು ಬ್ಯಾಂಡು, ಎರಡನ್ನೂ ಬೇರೆ ಬೇರೆ ನೋಡ್ಕೊಳ್ಳಿ. 2.4 ಗೋಡೆ ದಾಟೋದ್ರಲ್ಲಿ ಪರವಾಗಿಲ್ಲ, ಆದ್ರೆ ಅದು ಸಂತೆ. ಅದರ ಅಗಲ ಇರೋದೇ 83.5 ಮೆಗಾಹರ್ಟ್ಸ್, ಅದ್ರಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೀದೆ ಇರೋ ಚಾನೆಲ್ ಮೂರೇ, 1, 6, 11, ಅದ್ರಲ್ಲೇ ಅಕ್ಕಪಕ್ಕದ ಮನೆಯೋರ ರೂಟರ್ರು, ಬ್ಲೂಟೂತು, ಮೈಕ್ರೋವೇವ್ ಓವನ್ನು ಎಲ್ಲಾ ಬಂದು ಕೂರ್ತವೆ. 5 ಗಿಗಾಹರ್ಟ್ಸಲ್ಲಿ ನಮ್ಮ ದೇಶದಲ್ಲಿ 2018ರಲ್ಲಿ 605 ಮೆಗಾಹರ್ಟ್ಸ್ ಲೈಸೆನ್ಸ್ ಇಲ್ದೆ ಬಳಸೋಕೆ ಬಿಟ್ಟಿದಾರೆ, ಮೈದಾನ ಇದ್ದಂಗೆ, ಆದ್ರೆ ಗೋಡೆ ಕಂಡ್ರೆ ಸುಸ್ತಾಗತ್ತೆ. ಒಂದು ಇಟ್ಟಿಗೆ ಗೋಡೆಯಾದ್ರೆ ದಾಟತ್ತೆ, ಎರಡಾದ್ರೆ ಕಷ್ಟ, ಕರಾವಳಿ ಕಡೆ ಮುರಕಲ್ಲಿನ ದಪ್ಪ ಗೋಡೆ ಇರೋ ಹಳೇ ಮನೆ ಆದ್ರೆ ಪಕ್ಕದ ರೂಮಿಗೇ ಬರೋದು ಡೌಟು. ಬೆಂಗಳೂರಿನ ಅಪಾರ್ಟ್‌ಮೆಂಟಲ್ಲಿ ಇದ್ರೆ 2.4ನ್ನ ನಂಬ್ಕೋಬೇಡಿ, ಸಿಗ್ನಲ್ ಫುಲ್ ತೋರಿಸ್ಕೊಂಡೇ ಕೈಕೊಡತ್ತೆ.

ಡಬ್ಬಿ ಮೇಲಿನ ನಂಬರು

ಎಸಿ600, ಎಸಿ1200, ಎಎಕ್ಸ್1800, ಎಎಕ್ಸ್3000 ಅಂತ ದಪ್ಪ ಅಕ್ಷರದಲ್ಲಿ ಬರೆದಿರ್ತಾರಲ್ಲ, ಅದು ಸೀರೆ ಅಂಗಡಿಯ "50% ವರೆಗೆ" ಬೋರ್ಡ್ ಇದ್ದಂಗೆ. ಎಸಿ ಅಂದ್ರೆ ವೈಫೈ 5, ಎಎಕ್ಸ್ ಅಂದ್ರೆ ಅದಕ್ಕಿಂತ ಹೊಸ ವೈಫೈ 6. ಎಸಿ1200 ಅಂದ್ರೆ 2.4ರಲ್ಲಿ 300 ಎಂಬಿಪಿಎಸ್, 5ರಲ್ಲಿ 867, ಎರಡನ್ನೂ ಕೂಡಿಸಿ ಸ್ವಲ್ಪ ರೌಂಡ್ ಮಾಡಿದ್ದು, ಆದ್ರೆ ನಿಮ್ಮ ಡೆಸ್ಕ್‌ಟಾಪ್ ಒಂದು ಸಲಕ್ಕೆ ಒಂದೇ ಬ್ಯಾಂಡಿಗೆ ಕನೆಕ್ಟ್ ಆಗೋದು, ಹಂಗಾಗಿ ಕೂಡಿಸಿದ ಲೆಕ್ಕಕ್ಕೆ ಅರ್ಥನೇ ಇಲ್ಲ. ಎಸಿ600 ಅಂದ್ರೆ 150 ಮತ್ತು 433. ಎಎಕ್ಸ್1800 ಅಂದ್ರೆ 574 ಮತ್ತು 1201, ಎಎಕ್ಸ್3000 ಅಂದ್ರೆ 574 ಮತ್ತು 2402. ಅದೂ ಕೂಡ ಗಾಳೀಲಿ ಓಡೋ ಮೇಲ್ಮಟ್ಟದ ಸ್ಪೀಡು, ವೈಫೈಲಿ ಒಬ್ರು ಮಾತಾಡುವಾಗ ಇನ್ನೊಬ್ರು ಸುಮ್ನಿರ್ಬೇಕು, ಮಧ್ಯ ಮಧ್ಯ ಬಂತಾ ಬಂತು ಅನ್ನೋ ಉಪಚಾರ ಬೇರೆ, ಎಲ್ಲಾ ಕಳೆದು ಒಳ್ಳೇ ಸಿಗ್ನಲ್ಲಲ್ಲಿ ಅರ್ಧ ಅಥವಾ ಸ್ವಲ್ಪ ಹೆಚ್ಚು ಕೈಗೆ ಸಿಕ್ರೆ ಪುಣ್ಯ.

ಈಗ ನಿಮ್ಮ ಪ್ಲಾನ್ ಎಷ್ಟು ನೋಡಿ. 100 ಎಂಬಿಪಿಎಸ್ ಪ್ಲಾನ್ ಅಂದ್ರೆ ಎಂಟು ಬಿಟ್ಟಿಗೆ ಒಂದು ಬೈಟ್ ಲೆಕ್ಕದಲ್ಲಿ ಡೌನ್‌ಲೋಡ್ ಆಗೋದು ಸೆಕೆಂಡಿಗೆ 12.5 ಎಂಬಿ. ಇದಕ್ಕೆ 5 ಗಿಗಾಹರ್ಟ್ಸ್ ಇರೋ ಎಸಿ600 ಡಾಂಗಲ್ಲೇ ಧಾರಾಳ ಸಾಕು, ಸಿಗ್ನಲ್ ಚೆನ್ನಾಗಿದ್ರೆ. 30-40 ಎಂಬಿಪಿಎಸ್ ಪ್ಲಾನ್ ಇಟ್ಕೊಂಡು ವೈಫೈ 6 ಕಾರ್ಡ್ ಹಾಕ್ಸೋದ್ರಿಂದ ಇಂಟರ್‌ನೆಟ್ ಸ್ಪೀಡ್ ಏನೂ ಜಾಸ್ತಿ ಆಗಲ್ಲ. ಇನ್ನೊಂದು ಮಾತು, ರೂಟರ್ ವೈಫೈ 5ರದ್ದಾದ್ರೆ ಡೆಸ್ಕ್‌ಟಾಪಿಗೆ ವೈಫೈ 7 ತಂದ್ರೂ ಇಬ್ರೂ ಮಾತಾಡೋದು ವೈಫೈ 5ರಲ್ಲೇ.

ಒಂದನ್ನ ಮಾತ್ರ ಖಂಡಿತ ಬೇಡ ಅಂತೀನಿ, ಅದು 2.4 ಮಾತ್ರ ಇರೋ 150 ಎಂಬಿಪಿಎಸ್ ನ್ಯಾನೋ ಡಾಂಗಲ್. ಅಂಗಡೀಲಿ ಎಲ್ಲಕ್ಕಿಂತ ಅಗ್ಗ ಅದೇ, ಸುಮ್ನೆ ಕೇಳಿದ್ರೆ ಮೊದ್ಲು ಕೊಡೋದೂ ಅದೇ. ಡ್ಯುಯಲ್ ಬ್ಯಾಂಡ್ ಬೇಕು, 5 ಗಿಗಾಹರ್ಟ್ಸ್ ಇರ್ಬೇಕು ಅಂತ ಬಾಯ್ಬಿಟ್ಟು ಕೇಳಿ.

ವೈರ್ ಎಳೆಯೋಕಾದ್ರೆ ವೈರೇ

ವೈಫೈ ಬಗ್ಗೆ ಹೇಳೋಕೆ ಕೂತು ವೈರ್ ಅಂತಿದಾನಲ್ಲ ಅನ್ಬೇಡಿ. ಡೆಸ್ಕ್‌ಟಾಪ್ ಓಡಾಡಲ್ಲ. ಒಂದೇ ಮೂಲೇಲಿ ಐದಾರು ವರ್ಷ ಇರೋ ವಸ್ತು, ಅದಕ್ಕೆ ಒಂದ್ಸಲ ಲ್ಯಾನ್ ಕೇಬಲ್ ಎಳೆದುಬಿಟ್ರೆ ಡ್ರೈವರ್ (ಡಾಂಗಲ್, ಕಾರ್ಡ್ ಓಡ್ಸೋಕೆ ಬೇಕಾದ ಸಾಫ್ಟ್‌ವೇರ್) ಹುಡುಕೋ ಕೆಲಸ ಇಲ್ಲ, ಪಾಸ್‌ವರ್ಡ್ ಇಲ್ಲ, ಪಕ್ಕದ ಮನೆ ರೂಟರ್ ಕಾಟ ಇಲ್ಲ. ಕ್ಯಾಟ್5ಇ ಕೇಬಲ್ಲೇ 100 ಮೀಟರ್‌ವರೆಗೆ 1 ಜಿಬಿಪಿಎಸ್ ಒಯ್ಯತ್ತೆ, ಕ್ಯಾಟ್6 ತಗೊಂಡ್ರೆ ಇನ್ನೂ ನಿಶ್ಚಿಂತೆ. ಗೇಮ್ ಆಡೋ ಹುಡುಗ್ರು, ದಿನವಿಡೀ ವಿಡಿಯೋ ಕಾಲಲ್ಲಿ ಇರೋರು ಯೋಚನೆನೇ ಮಾಡ್ಬೇಡಿ, ಬಾಗಿಲ ಚೌಕಟ್ಟಿನ ಪಕ್ಕ ಕ್ಲಿಪ್ ಹೊಡೆದು ಎಳೀರಿ, ಮನೆಯೋರು ಚೆನ್ನಾಗಿ ಕಾಣಲ್ಲ ಅಂತ ಎರಡು ದಿನ ಗೊಣಗ್ತಾರೆ ಆಮೇಲೆ ಯಾರಿಗೂ ಕಾಣೋದೇ ಇಲ್ಲ.

ಕೇಬಲ್ ತಗೊಳ್ಳುವಾಗ ಪೂರ್ತಿ ತಾಮ್ರದ್ದಾ ಕೇಳಿ. ಸಿಸಿಎ ಅಂತ ಬರತ್ತೆ, ಅಲ್ಯೂಮಿನಿಯಂ ತಂತಿಗೆ ಮೇಲೆ ತಾಮ್ರದ ಲೇಪ, ಅಗ್ಗ, ಆದ್ರೆ ಬೇಗ ಮುರಿಯತ್ತೆ, ದೂರಕ್ಕೆ ಸರಿಯಾಗಿ ಒಯ್ಯಲ್ಲ. ಕ್ರಿಂಪ್ ಮಾಡಿಸಿದ ಮೇಲೆ, ಅಂದ್ರೆ ತುದಿಗೆ ಪ್ಲಗ್ ಹಾಕಿಸಿದ ಮೇಲೆ, ಕಂಪ್ಯೂಟರಲ್ಲಿ ಲಿಂಕ್ ಸ್ಪೀಡ್ ನೋಡಿ, 1 ಜಿಬಿಪಿಎಸ್ ಬದ್ಲು 100 ಎಂಬಿಪಿಎಸ್ ತೋರ್ಸಿದ್ರೆ ಒಂದೋ ರೂಟರಿನ ಪೋರ್ಟ್ ಹಳೇದು, ಇಲ್ಲಾ ಎಂಟು ತಂತಿಯಲ್ಲಿ ಒಂದು ಸರಿಯಾಗಿ ಕೂತಿಲ್ಲ, 100ಕ್ಕೆ ಎರಡು ಜೋಡಿ ತಂತಿ ಸಾಕು, ಗಿಗಾಬಿಟ್ಟಿಗೆ ನಾಲ್ಕೂ ಜೋಡಿ ಬೇಕು. ಮಲೆನಾಡು ಕಡೆಯೋರಿಗೆ ಒಂದು ಎಚ್ಚರಿಕೆ, ಕೇಬಲ್ಲನ್ನ ಮನೆ ಹೊರಗಿಂದ, ಕೊಟ್ಟಿಗೆ ಮಾಡಿನ ಮೇಲಿಂದ ಹಾಯಿಸಿ ಇನ್ನೊಂದು ಕಟ್ಟಡಕ್ಕೆ ಒಯ್ಯೋದು ಬೇಡ, ಏಪ್ರಿಲ್-ಮೇ ಸಿಡಿಲಿಗೆ ರೂಟರ್ ಪೋರ್ಟು, ಕಂಪ್ಯೂಟರ್ ಪೋರ್ಟು ಎರಡೂ ಒಟ್ಟಿಗೆ ಹೋಗ್ತವೆ.

ಬಾಡಿಗೆ ಮನೆ, ಗೋಡೆ ಕೊರೆಯೋ ಹಂಗಿಲ್ಲ, ಓನರ್ ಮೊಳೆ ಹೊಡೆದ್ರೂ ಲೆಕ್ಕ ಇಡ್ತಾರೆ ಅನ್ನೋರಿಗೆ ಮುಂದಿನ ದಾರಿಗಳು.

ಯುಎಸ್‌ಬಿ ಡಾಂಗಲ್

ಡಾಂಗಲ್‌ಗೆ ಯಾಕೋ ಕೆಟ್ಟ ಹೆಸರಿದೆ, ಅರ್ಧ ಅದರ ತಪ್ಪಲ್ಲ. ಅದನ್ನ ಸಿಪಿಯು ಹಿಂದೆ ಚುಚ್ಚೋ ಬದ್ಲು ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ತಗೊಂಡು, ಒಂದೂವರೆ ಎರಡು ಮೀಟರಿದು, ಡಾಂಗಲ್ಲನ್ನ ಟೇಬಲ್ ಮೇಲೋ ಕಿಟಕಿ ಮೇಲೋ ತಂದು ಇಟ್ರೆ ಅದೇ ಡಾಂಗಲ್ ಬೇರೆ ಥರ ಕೆಲಸ ಮಾಡತ್ತೆ. ಎಲ್ಲಿ ಬೇಕೋ ಅಲ್ಲಿಗೆ ಆಂಟೆನಾ ಒಯ್ಯೋ ಸೌಕರ್ಯ ಇಷ್ಟು ಸುಲಭಕ್ಕೆ ಇನ್ಯಾವುದ್ರಲ್ಲೂ ಇಲ್ಲ. ಎಷ್ಟೋ ಡಾಂಗಲ್ ಜೊತೆ ಒಂದು ಸಣ್ಣ ಸ್ಟ್ಯಾಂಡ್ ಕೊಟ್ಟಿರ್ತಾರೆ, ಅದು ಇದಕ್ಕೇ.

ದೂರ ಇಡೋಕೆ ಇನ್ನೊಂದು ಕಾರಣಾನೂ ಇದೆ. ನೀಲಿ ಬಣ್ಣದ ಯುಎಸ್‌ಬಿ 3 ಪೋರ್ಟು ಇದ್ಯಲ್ಲ, ಅದ್ರಲ್ಲಿ ಹಾರ್ಡ್ ಡಿಸ್ಕೋ ಪೆನ್ ಡ್ರೈವೋ ಕೆಲಸ ಮಾಡುವಾಗ ಸರಿಯಾಗಿ 2.4 ಗಿಗಾಹರ್ಟ್ಸ್ ಹತ್ರಾನೇ ರೇಡಿಯೋ ಗಲಾಟೆ ಎಬ್ಬಿಸತ್ತೆ. ಇಂಟೆಲ್‌ನೋರೇ 2012ರಲ್ಲಿ ಇದರ ಬಗ್ಗೆ ಅಳತೆ ಮಾಡಿ ವರದಿ ಬರೆದಿದಾರೆ. ಬ್ಯಾಕಪ್ ಹಾಕಿದಾಗ್ಲೆಲ್ಲ ವೈಫೈ ಹೋಗತ್ತೆ, ವೈರ್‌ಲೆಸ್ ಮೌಸ್ ತಡವರಿಸತ್ತೆ ಅನ್ನೋರು ಇದನ್ನ ನೆನಪಿಟ್ಕೊಳ್ಳಿ, ಡಾಂಗಲ್ಲನ್ನ ಆ ಪೋರ್ಟಿನ ಪಕ್ಕದಿಂದ ದೂರ ಮಾಡಿ, ಇಲ್ಲಾ 5 ಗಿಗಾಹರ್ಟ್ಸಿಗೆ ಹೋಗಿ.

ಯುಎಸ್‌ಬಿ 2ಕ್ಕೆ ಒಟ್ಟು ದಾರಿ ಇರೋದು 480 ಎಂಬಿಪಿಎಸ್, ನಿಜವಾಗಿ ಕೈಗೆ ಸಿಗೋದು 300ರ ಆಸುಪಾಸು. ಅದಕ್ಕೇ 200ರವರೆಗಿನ ಪ್ಲಾನ್ ಆದ್ರೆ ಯುಎಸ್‌ಬಿ 2 ಡಾಂಗಲ್ ಸಾಕು, ಅದಕ್ಕಿಂತ ಜಾಸ್ತಿ ಇದ್ರೆ ಡಾಂಗಲ್ಲೂ ಪೋರ್ಟೂ ಎಕ್ಸ್‌ಟೆನ್ಷನ್ ಕೇಬಲ್ಲೂ ಮೂರೂ ಯುಎಸ್‌ಬಿ 3 ಇರ್ಬೇಕು, ಒಂದು 2 ಆದ್ರೂ ಎಲ್ಲಾ 2ಕ್ಕೆ ಇಳಿಯತ್ತೆ.

ಡ್ರೈವರ್ ಕಿರಿಕಿರಿ ಒಂದಿದೆ. ಡಬ್ಬೀಲಿ ಸಿಡಿ ಕೊಟ್ಟಿರ್ತಾರೆ, ಸಿಡಿ ಡ್ರೈವ್ ಯಾರ ಮನೇಲಿದೆ ಈಗ? ನೆಟ್‌ನಿಂದ ಇಳಿಸ್ಕೊಳ್ಳಿ ಅಂತಾರೆ, ನೆಟ್ ಬರೋಕೆ ತಾನೇ ಡ್ರೈವರ್ ಬೇಕಾಗಿರೋದು, ಮದುವೆ ಆಗದೆ ಹುಚ್ಚು ಬಿಡಲ್ಲ ಹುಚ್ಚು ಬಿಡದೆ ಮದುವೆ ಆಗಲ್ಲ ಅಂದಂಗೆ. ಇದಕ್ಕೆ ಫೋನ್ ಇದೆ. ಆಂಡ್ರಾಯ್ಡ್ ಫೋನನ್ನ ಚಾರ್ಜರ್ ಕೇಬಲ್ಲಲ್ಲಿ ಕಂಪ್ಯೂಟರಿಗೆ ಚುಚ್ಚಿ ಸೆಟ್ಟಿಂಗ್ಸಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಫೋನ್ ಮನೆ ವೈಫೈಗೆ ಕನೆಕ್ಟ್ ಆಗಿದ್ರೆ ಅದೇ ವೈಫೈನ ಕಂಪ್ಯೂಟರಿಗೆ ದಾಟಿಸತ್ತೆ, ಮೊಬೈಲ್ ಡೇಟಾ ಖರ್ಚಾಗಲ್ಲ. ಅಂದ್ರೆ ಡ್ರಾಯರಲ್ಲಿ ಸ್ಕ್ರೀನ್ ಒಡೆದ ಹಳೇ ಫೋನ್ ಬಿದ್ದಿದ್ರೆ ನಿಮ್ಮತ್ರ ಈಗಾಗ್ಲೇ ಒಂದು ವೈಫೈ ಡಾಂಗಲ್ ಇದೆ. ದಿನಾ ಬಳಸೋಕೆ ರಗಳೆ, ಪ್ರತಿ ಸಲ ಆನ್ ಮಾಡ್ಬೇಕು, ಬ್ಯಾಟರಿ ಸದಾ ಚಾರ್ಜಲ್ಲಿದ್ದು ಊದ್ಕೊಳ್ಳೋ ಚಾನ್ಸೂ ಇದೆ, ಆದ್ರೆ ಡ್ರೈವರ್ ಇಳಿಸೋಕೆ, ಎರಡು ದಿನ ತಳ್ಳೋಕೆ ಇದಕ್ಕಿಂತ ಒಳ್ಳೇದಿಲ್ಲ.

ಲಿನಕ್ಸ್ ಹಾಕ್ಕೊಂಡಿರೋರು ಡಾಂಗಲ್ಲಿನ ಬ್ರ್ಯಾಂಡ್ ಅಲ್ಲ ಒಳಗಿನ ಚಿಪ್ ನೋಡಿ. ಮೀಡಿಯಾಟೆಕ್‌ನ ಎಂಟಿ7612ಯು, ಎಂಟಿ7921ಎಯು ಚಿಪ್ಪುಗಳ ಡ್ರೈವರ್ ಕರ್ನೆಲ್ ಒಳಗೇ ಬಂದಿದೆ, ಚುಚ್ಚಿದ್ರೆ ಆಯ್ತು. ರಿಯಲ್‌ಟೆಕ್ ಚಿಪ್ಪುಗಳಲ್ಲಿ ಕೆಲವು ಸಲೀಸು, ಕೆಲವಕ್ಕೆ ಪ್ರತಿ ಅಪ್‌ಡೇಟ್ ಆದ್ಮೇಲೂ ಡ್ರೈವರ್ ಮತ್ತೆ ಕಟ್ಕೊಂಡು ಕೂರ್ಬೇಕು. ಒಂದೇ ಮಾಡೆಲ್ ಹೆಸರಲ್ಲಿ ವರ್ಷನ್ 1, ವರ್ಷನ್ 2 ಅಂತ ಒಳಗೆ ಬೇರೆ ಬೇರೆ ಚಿಪ್ ಹಾಕಿರ್ತಾರೆ, ಯಾರೋ ರಿವ್ಯೂಲಿ ವರ್ಕ್ ಆಗತ್ತೆ ಅಂದಿದ್ದು ನಿಮಗೆ ಬಂದಿದ್ರಲ್ಲಿ ಇಲ್ದೇನೂ ಇರಬಹುದು.

ಒಳಗೆ ಹಾಕೋ ಕಾರ್ಡ್

ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಅಂದ್ರೆ ಸಿಪಿಯು ಸೈಡ್ ತೆಗೆದು ಮದರ್‌ಬೋರ್ಡಲ್ಲಿ ಸಣ್ಣ ಸ್ಲಾಟಿಗೆ ಕೂರ್ಸೋದು. ಸ್ಪೀಡಿಗೆ ಅಡ್ಡಿ ಇಲ್ಲ, ಬಿಸಿಯಾಗಿ ಕೈಕೊಡೋದು ಕಡ್ಮೆ, ಬ್ಲೂಟೂತ್ ಜೊತೇಲೇ ಬರತ್ತೆ, ಖಾಯಂ ವ್ಯವಸ್ಥೆ. ಆದ್ರೆ ಅಗ್ಗದ ಕಾರ್ಡುಗಳಲ್ಲಿ ಎರಡು ಕಡ್ಡಿ ಆಂಟೆನಾ ನೇರ ಕಾರ್ಡಿಗೇ ತಿರುಪೋದು, ಅಂದ್ರೆ ಮತ್ತೆ ಅದೇ ಸಂದಿ, ಅದೇ ತಗಡಿನ ನೆರಳು. ಆಂಟೆನಾಗೆ ಒಂದು ಮೀಟರ್ ವೈರು, ಕೆಳಗೆ ಮ್ಯಾಗ್ನೆಟ್ ಇರೋ ಸ್ಟ್ಯಾಂಡ್ ಕೊಡೋ ಕಾರ್ಡ್ ಸ್ವಲ್ಪ ದುಬಾರಿ, ನನ್ನ ಕೇಳಿದ್ರೆ ಆ ಹೆಚ್ಚಿಗೆ ದುಡ್ಡು ಕೊಡೋದು ಚಿಪ್ಪಿಗಲ್ಲ ಆ ವೈರಿಗೇ. ಅದನ್ನ ಟೇಬಲ್ ಮೇಲೆ ತಂದಿಡ್ಬಹುದು. ಒಂದು ವಿಷ್ಯ, ಕಡ್ಡಿ ಆಂಟೆನಾನ ರೂಟರ್ ಕಡೆಗೆ ಬಂದೂಕಿನ ಥರ ಗುರಿ ಇಡ್ಬೇಡಿ, ಅದು ಸಿಗ್ನಲ್ ಹರಡೋದು ತುದಿಯಿಂದಲ್ಲ, ಪಕ್ಕಕ್ಕೆ, ಕಡ್ಡಿಗೆ ಉದ್ದಿನ ವಡೆ ಪೋಣಿಸಿದ ಆಕಾರದಲ್ಲಿ. ಒಂದೇ ಫ್ಲೋರಲ್ಲಿದ್ರೆ ನೆಟ್ಟಗೆ ನಿಲ್ಲಿಸಿ, ರೂಟರ್ ಸರಿಯಾಗಿ ಕೆಳಗಿನ ಫ್ಲೋರಲ್ಲಿದ್ರೆ ಒಂದನ್ನ ಅಡ್ಡ ಮಲಗಿಸಿ ನೋಡಿ.

ಕೊಳ್ಳೋಕೆ ಮುಂಚೆ ಸಿಪಿಯು ತೆಗೆದು ನೋಡಿ, ಫೋಟೋ ತೆಕ್ಕೊಳ್ಳಿ. ಖಾಲಿ ಸ್ಲಾಟ್ ಇದೆಯಾ? ಗ್ರಾಫಿಕ್ಸ್ ಕಾರ್ಡ್ ದಪ್ಪ ಇದ್ರೆ ಸಣ್ಣ ಸ್ಲಾಟನ್ನ ಮುಚ್ಕೊಂಡು ಕೂತಿರತ್ತೆ, ಆಗ ಉದ್ದದ ಸ್ಲಾಟ್ ಇನ್ನೊಂದು ಖಾಲಿ ಇದ್ರೆ ಅದ್ರಲ್ಲೂ ಈ ಸಣ್ಣ ಕಾರ್ಡ್ ನಡೆಯತ್ತೆ. ಸ್ಲಿಮ್ ಕೇಸಿನೋರು, ಸೆಕೆಂಡ್ ಹ್ಯಾಂಡ್ ಆಫೀಸ್ ಡೆಸ್ಕ್‌ಟಾಪ್ ತಂದೋರು, ಡಬ್ಬೀಲಿ ಲೋ ಪ್ರೊಫೈಲ್ ಬ್ರಾಕೆಟ್ ಇದೆಯಾ ಅಂತ ಕೇಳ್ಲೇಬೇಕು, ಅದು ಗಿಡ್ಡ ತಗಡಿನ ಪಟ್ಟಿ, ಇಲ್ದಿದ್ರೆ ಕಾರ್ಡ್ ಕೂರತ್ತೆ ಮುಚ್ಚಳ ಮುಚ್ಚಲ್ಲ. ಇನ್ನೊಂದು, ಬ್ಲೂಟೂತ್ ಬರ್ತಿಲ್ಲ ಕಾರ್ಡ್ ಡಿಫೆಕ್ಟು ಅಂತ ವಾಪಸ್ ಕಳ್ಸೋರು ಬಹಳ ಜನ, ಕಾರ್ಡಿನ ಜೊತೆ ಒಂದು ತೆಳ್ಳನೆ ವೈರ್ ಬಂದಿರತ್ತಲ್ಲ ಅದನ್ನ ಮದರ್‌ಬೋರ್ಡಿನ ಒಳಗಿನ ಯುಎಸ್‌ಬಿ ಪಿನ್ನಿಗೆ ಹಾಕ್ಬೇಕು, ಯಾಕಂದ್ರೆ ವೈಫೈ ಓಡೋದು ಸ್ಲಾಟಿಂದ, ಬ್ಲೂಟೂತ್ ಓಡೋದು ಯುಎಸ್‌ಬಿಯಿಂದ. ಮತ್ತೆ ಇನ್ನೂ ವಿಂಡೋಸ್ 7 ಇಟ್ಕೊಂಡಿರೋರಿಗೆ ಈ ವೈಫೈ 6 ಕಾರ್ಡ್ ಬೇಡ, ಇಂಟೆಲ್ ಎಎಕ್ಸ್200, ಎಎಕ್ಸ್210ಕ್ಕೆಲ್ಲ (ಇವು ಮಾಡೆಲ್ ನಂಬರು, ಸ್ಪೀಡಲ್ಲ) ಕಡ್ಮೆ ಅಂದ್ರೂ ವಿಂಡೋಸ್ 10, ಅದೂ 64 ಬಿಟ್ಟೇ ಬೇಕು.

ಅಂಗೈಯಗಲದ ಮಿನಿ ಪಿಸಿಗಳಲ್ಲಿ ಈ ದೊಡ್ಡ ಸ್ಲಾಟ್ ಇರಲ್ಲ, ಲ್ಯಾಪ್‌ಟಾಪಲ್ಲಿ ಇರೋ ಥರ ಎಂ.2 ಅನ್ನೋ ಪುಟ್ಟ ಜಾಗ ಇರತ್ತೆ, ಎಸ್‌ಎಸ್‌ಡಿ ಹಾಕೋ ಎಂ.2 ಅಲ್ಲ, ಅದರ ತಮ್ಮ, ಇ ಕೀ ಅಂತಾರೆ. ಅದಕ್ಕೆ ಕಾರ್ಡ್ ತಗೊಳ್ಳುವಾಗ ಎಎಕ್ಸ್210 ಅಂತ್ಲೇ ನೋಡಿ ತಗೊಳ್ಳಿ, ಎಎಕ್ಸ್211 ನಂಬರ್ ದೊಡ್ಡದಿದೆ ಇನ್ನೂ ಒಳ್ಳೇದು ಅನ್ಕೊಂಡ್ರೆ ಕೆಟ್ರಿ, ಎಎಕ್ಸ್201, ಎಎಕ್ಸ್211 ಎರಡೂ ಅರ್ಧ ಕಾರ್ಡುಗಳು, ಉಳಿದರ್ಧ ಇಂಟೆಲ್ ಪ್ರೊಸೆಸರ್ ಕಡೆ ಇರ್ಬೇಕು, ಬೋರ್ಡ್ ಅದಕ್ಕೆ ಒಪ್ಕೋಬೇಕು, ಎಎಂಡಿ ಬೋರ್ಡಲ್ಲಂತೂ ಇಲ್ವೇ ಇಲ್ಲ.

ಜಾಸ್ತಿ ಜನಕ್ಕೆ ಹೊಳೆಯದ ದಾರಿ

ಕಂಪ್ಯೂಟರ್ ಇರೋ ಮೂಲೇಲಿ ಎಲ್ಲೂ ಸಿಗ್ನಲ್ ಇಲ್ಲ, ಟೇಬಲ್ ಮೇಲೂ ಮೈನಸ್ 78, ಕಿಟಕೀಲೂ ಅಷ್ಟೇ ಅಂದ್ರೆ ಡಾಂಗಲ್ಲೂ ಬೇಡ ಕಾರ್ಡೂ ಬೇಡ. ವೈಫೈ ಹಿಡಿಯೋ ಕೆಲಸಾನ ಕಂಪ್ಯೂಟರಿಂದ ತೆಗೆದು ಬೇರೆ ಡಬ್ಬಿಗೆ ಕೊಡಿ. ಲ್ಯಾನ್ ಪೋರ್ಟ್ ಇರೋ ಒಂದು ರಿಪೀಟರ್ (ವೈಫೈ ಹಿಡಿದು ಮುಂದಕ್ಕೆ ದಾಟಿಸೋ ಡಬ್ಬಿ) ತಗೊಂಡು, ಇಲ್ಲಾ ಹಳೇ ರೂಟರ್ ಇದ್ರೆ ಅದ್ರಲ್ಲಿ ಕ್ಲೈಂಟ್ ಅಥವಾ ಬ್ರಿಜ್ ಮೋಡ್, ಅಂದ್ರೆ ವೈಫೈ ಹಿಡಿದು ಲ್ಯಾನ್ ಪೋರ್ಟಿಗೆ ಕೊಡೋ ಸೆಟ್ಟಿಂಗು, ಇದೆಯಾ ನೋಡಿ, ಸಿಗ್ನಲ್ ಚೆನ್ನಾಗಿರೋ ಪ್ಯಾಸೇಜಲ್ಲೋ ಮೆಟ್ಟಿಲ ಹತ್ರಾನೋ ಇಟ್ಟು, ಅಲ್ಲಿಂದ ಕಂಪ್ಯೂಟರಿಗೆ ನಾಲ್ಕೈದು ಮೀಟರ್ ಲ್ಯಾನ್ ಕೇಬಲ್ ಎಳೀರಿ. ಕಂಪ್ಯೂಟರಿಗೆ ಅದು ವೈರ್ ಕನೆಕ್ಷನ್, ಡ್ರೈವರ್ ಮಾತೇ ಇಲ್ಲ, ಲಿನಕ್ಸ್ ಆಗ್ಲಿ ಹಳೇ ವಿಂಡೋಸ್ ಆಗ್ಲಿ. ರಿಪೀಟರ್ ಹಾಕಿದ್ರೆ ಸ್ಪೀಡ್ ಅರ್ಧ ಆಗತ್ತೆ ಅಂತಾರಲ್ಲ, ಅದು ಒಂದೇ ರೇಡಿಯೋದಲ್ಲಿ ಕೇಳಿಸ್ಕೊಂಡು ಮತ್ತೆ ಗಾಳೀಲೇ ಕೂಗಿದಾಗ. ಇಲ್ಲಿ ಗಾಳೀಲಿ ಬರೋದು ಒಂದೇ ಸಲ, ಉಳಿದಿದ್ದು ವೈರಲ್ಲಿ, ಹಂಗಾಗಿ ಆ ನಷ್ಟ ಇಲ್ಲ. ಆದ್ರೆ ಅಗ್ಗದ ರಿಪೀಟರ್‌ಗಳಲ್ಲಿ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ದೇ ಇರತ್ತೆ, ಪ್ಲಾನ್ ಅದಕ್ಕಿಂತ ಜಾಸ್ತಿ ಇದ್ರೆ ನೋಡ್ಕೊಂಡು ತಗೊಳ್ಳಿ. ರಿಪೀಟರನ್ನ ಸಿಗ್ನಲ್ ಇಲ್ದಿರೋ ರೂಮೊಳಗೇ ಇಡೋ ತಪ್ಪು ಮಾತ್ರ ಮಾಡ್ಬೇಡಿ, ಅದಕ್ಕೇ ಕೇಳಿಸ್ದೇ ಇದ್ರೆ ಏನನ್ನ ದಾಟಿಸತ್ತೆ.

ಕರೆಂಟ್ ವೈರಲ್ಲೇ ಇಂಟರ್‌ನೆಟ್ ಕಳ್ಸೋ ಪವರ್‌ಲೈನ್ ಅಡಾಪ್ಟರ್ ಅಂತಾನೂ ಒಂದಿದೆ. ನಮ್ಮ ಮನೆಗಳಲ್ಲಿ ಮೂರು ಫೇಸು, ಯುಪಿಎಸ್ ಲೈನ್ ಬೇರೆ, ಸ್ಪೈಕ್ ಗಾರ್ಡ್ ಅಡ್ಡ, ಎರಡು ಪ್ಲಗ್ಗೂ ಒಂದೇ ಫೇಸಲ್ಲಿ ಇರತ್ತೆ ಅನ್ನೋ ಗ್ಯಾರಂಟಿ ಇಲ್ಲ. ವಾಪಸ್ ತಗೋತಾರೆ ಅಂದ್ರೆ ಮಾತ್ರ ಟ್ರೈ ಮಾಡಿ.

ಏನೇ ಹಾಕಿದ್ರೂ ಆಮೇಲೆ ಮಾಡೋ ಸಣ್ಣ ಕೆಲಸ ಎರಡು ಮೂರಿದೆ. ರೂಟರಲ್ಲಿ 2.4ಕ್ಕೂ 5ಕ್ಕೂ ಒಂದೇ ಹೆಸರಿದ್ರೆ ಕಂಪ್ಯೂಟರ್ ತನಗೆ ಬೇಕಾದ್ದನ್ನ ಹಿಡ್ಕೊಂಡು ಕೂರತ್ತೆ, ಹೆಸರು ಬೇರೆ ಬೇರೆ ಮಾಡಿ ಬೇಕಾದ್ದಕ್ಕೆ ನೀವೇ ಕನೆಕ್ಟ್ ಮಾಡಿ. ವಿಂಡೋಸಲ್ಲಿ ಡಿವೈಸ್ ಮ್ಯಾನೇಜರಿಗೆ ಹೋಗಿ ಅಡಾಪ್ಟರಿನ ಪವರ್ ಮ್ಯಾನೇಜ್‌ಮೆಂಟಲ್ಲಿ ಕರೆಂಟ್ ಉಳಿಸೋಕೆ ಇದನ್ನ ಆಫ್ ಮಾಡಬಹುದು ಅನ್ನೋ ಟಿಕ್ ಇದ್ರೆ ತೆಗೀರಿ, ಸ್ವಲ್ಪ ಹೊತ್ತು ಬಿಟ್ಟು ಬಂದ್ರೆ ನೆಟ್ ಹೋಗಿರೋ ಕಾಯಿಲೆ ಎಷ್ಟೋ ಸಲ ಇದೇ. ಆಮೇಲೆ ರೂಟರಿಗೇ ಪಿಂಗ್ ಹೊಡೆದು ನೋಡಿ, ಅಂದ್ರೆ ಕಮಾಂಡ್ ಪ್ರಾಂಪ್ಟಲ್ಲಿ ping ಅಂತ ಬರೆದು ಮುಂದೆ ರೂಟರಿನ ವಿಳಾಸ ಹಾಕಿ ಉತ್ತರ ಬರತ್ತಾ ನೋಡೋದು, ತುಂಬಾ ಮನೇಲಿ ವಿಳಾಸ 192.168.1.1 ಇರತ್ತೆ, ಅಲ್ಲಿಗೇ ಉತ್ತರ ತಪ್ಪಿ ತಪ್ಪಿ ಬರ್ತಿದ್ರೆ ಸಮಸ್ಯೆ ನಿಮ್ಮ ವೈಫೈದು, ಅಲ್ಲಿಗೆ ಚೆನ್ನಾಗಿ ಬಂದು ಆಚೆಗೆ ಬರ್ತಿಲ್ಲ ಅಂದ್ರೆ ಆಗ ಇಂಟರ್‌ನೆಟ್ ಕಂಪನಿಯೋರಿಗೆ ಫೋನ್ ಮಾಡಿ ಜಗಳ ಆಡ್ಬಹುದು.

ಚಿಕ್ಕಪ್ಪನ ಮನೇಲಿ ಕೊನೆಗೆ ಏನಾಯ್ತು ಅಂದ್ರೆ, ನ್ಯಾನೋ ಡಾಂಗಲ್ ಬದ್ಲು ಒಂದು ಎಸಿ600 ಡ್ಯುಯಲ್ ಬ್ಯಾಂಡ್, ಪುಟ್ಟ ಕಡ್ಡಿ ಆಂಟೆನಾ ಇರೋದು, ಎರಡು ಮೀಟರ್ ಎಕ್ಸ್‌ಟೆನ್ಷನ್ ಕೇಬಲ್ಲು, ಕಿಟಕಿ ಚೌಕಟ್ಟಿಗೆ ಡಬಲ್ ಸೈಡ್ ಟೇಪಲ್ಲಿ ಅಂಟಿಸಿ ಬಂದೆ. ಅವರ ಪ್ಲಾನ್ ಇದ್ದಿದ್ದೇ 50 ಎಂಬಿಪಿಎಸ್, ಅಷ್ಟೂ ಬಂತು. ಒಂದು ವಾರಕ್ಕೆ ಫೋನು, "ಲೋ, ಬೆಳಗ್ಗೆ ಚೆನ್ನಾಗಿರತ್ತೆ, ಎಂಟೂವರೆ ಒಂಬತ್ತಕ್ಕೆ ಸರಿಯಾಗಿ ಹೋಗತ್ತೆ ಕಣೋ, ದಿನಾ." ರೂಟರ್ ಚಾನೆಲ್ ಬದಲಾಯಿಸಿ ನೋಡಿ ಚಿಕ್ಕಪ್ಪ ಅಂದೆ, ಆಗ್ಲಿಲ್ಲ. ಆಮೇಲೆ ತಂಗೀನೇ ಕಂಡುಹಿಡಿದ್ಲು. ಆ ಹೊತ್ತಿಗೆ ಚಿಕ್ಕಮ್ಮ ಬ್ಯಾಂಕಿಗೆ ಹೊರಡೋಕೆ ಸೀರೆ ತೆಗೆಯೋಕೆ ಬರ್ತಾರೆ, ಬೀರು ಬಾಗಿಲು ತೆಗೆದ್ರೆ ಅದು ಸರಿಯಾಗಿ ಕಿಟಕಿಗೆ ಅಡ್ಡ ಬರತ್ತೆ. ಈಗ ಡಾಂಗಲ್ ಕಿಟಕಿಯ ಇನ್ನೊಂದು ಮೂಲೇಲಿದೆ.